ಯಾವ ತಗ್ಗು ಜಾಸ್ತಿ ಕುಡೀತು?

...ಅಲ್ರೀ, ಅದನ್ನ ಹೇಳ್ಲಿಕ್ಕತ್ತಿದ್ದೆ, ನಡಕ ಚಹಾ ಉಕ್ಕಿತು, ಮಾತು ತಪ್ಪಿತು. ಎಲ್ಲಿಗೆ ಬಂದಿದ್ದೆ? ಹಾಂ, ಮೀಟಿಂಗಿನಾಗ ನಾ ಎದ್ದು ನಿಂತೆ ಅನ್ನೋ ಕಡೆ. ಎದ್ದು ನಿಂತು ಧೈರ್ಯಾ ಮಾಡಿ ಅಂದೇಬಿಟ್ಟೆ ನೋಡ್ರಿ: "ಇನ್ನೊಂದು ಬೋರ್ ಹೊಡಸೂದು ಬ್ಯಾಡ. ಮೊದಲ ಭೂಮಿಗೆ ನೀರು ಕುಡಸೋಣ. ಎಲ್ಲಿ ಕುಡಿಸಿದ್ರ ಕುಡೀತದ ಅನ್ನೋ ಜಾಗಾ ನಾ ಹುಡಕಿ ಕೊಡ್ತೀನಿ!"

ಸಭಾ ಎಲ್ಲಾ ಗಪ್ಪ. ನನ್ನ ಮಾತಿಗೆ ಮರುಳಾಗಿ ಅಲ್ರಿ. ಆವೇಶದಾಗ ನಾ ಕನ್ನಡದಾಗ ಹೇಳಿಬಿಟ್ಟಿದ್ದೆ, ಕುಂತವರೊಳಗ ಮುಕ್ಕಾಲು ಮಂದಿ ಮರಾಠಿಯವರು. ಮತ್ತೊಮ್ಮೆ ಮರಾಠ್ಯಾಗ ಹೇಳೋದ್ರಾಗ ಆವೇಶ ಅರ್ಧಾ ಇಳದಿತ್ತು.

ನೀವು ನಾವಿರೋ ಫ್ಲ್ಯಾಟಿನ ಸೊಸೈಟಿ ನೋಡಿಲ್ಲ, ಅದಕ್ಕ ಹೇಳ್ತೀನಿ. ಮಗರಪಟ್ಟಾ ದಾಟಿ ಇನ್ನೂ ಮುಂದ ಬರಬೇಕು. ಟೆರೇಸ್ ಹತ್ತಿದ್ರ ಮಗರಪಟ್ಟಾದ ಹೊಸಾ ಬಿಲ್ಡಿಂಗು ಕಾಣಸ್ತಾವ, ನಳಾ ತಿರುವಿದ್ರ ಗಾಳಿ ಕೇಳಸ್ತದ. ಎರಡು ಸಾವಿರದ ಮೂರರ ಬ್ಯಾಸಗಿ ಅಂದ್ರ ಕೇಳಬ್ಯಾಡ್ರಿ. ಇದ್ದ ಒಂದು ಬೋರು ಕೆಮ್ಮಿ ಕೆಮ್ಮಿ ಪ್ರಾಣಾ ಬಿಟ್ಟಿತ್ತು. ಟ್ಯಾಂಕರ್ ಬಂತು ಅಂದ್ರ ಸಾಕು, ಕೆಳಗಿನ ಮಂದಿ, ಮ್ಯಾಲಿನ ಮಂದಿ, ಒಬ್ಬರಿಗೊಬ್ಬರು ಮಾತು ಬಿಟ್ಟವರು, ಎಲ್ಲಾರೂ ಕೊಡಾ ಹಿಡಕೊಂಡು ಒಂದೇ ಸಾಲಿನಾಗ. ನಮ್ಮತ್ತಿ ಪಾರವ್ವನವರು ಮಾತ್ರ ಸಾಲಿನಾಗ ಇಲ್ಲ, ಪೈಪಿನ ಹತ್ರ! ಯಾಕಂದ್ರ ನಮ್ಮ ಮಾವನವರು ನಿಜಲಿಂಗಪ್ಪ ಸೊಸೈಟಿ ಸೆಕ್ರೆಟರಿ. ಸೆಕ್ರೆಟರಿ ಮನಿಯವರು ಮೊದಲ ಪೈಪ್ ಹಿಡೀಬೇಕು ಅಂತ ಯಾವ ಕಾಯ್ದೆದಾಗ ಬರದದ ಗೊತ್ತಿಲ್ಲ, ಆದ್ರ ನಮ್ಮತ್ತಿ ಹಂಗ ಓದ್ಯಾರ.

ಚೇರ್ಮನ್ ಹರಿಶ್ಚಂದ್ರರಾವ್ ಇದ್ದಾರಲ್ಲ, ಅವರಿಗೆ ಬೋರ್ ಹೊಡಸೋದಂದ್ರ ಲಗ್ನಾ ಮಾಡಿಧಂಗ ಉಮೇದು. ತೆಂಗಿನಕಾಯಿ ಅಂಗೈ ಮ್ಯಾಲ ಇಟಗೊಂಡು ನೀರು ತೋರಸಾಂವಗ ಆಗಲೇ ಹೇಳಿಬಿಟ್ಟಿದ್ರು. ಅಂಥಾದ್ರಾಗ ನಾ ಎದ್ದು ಅಡ್ಡ ಬಾಯಿ ಹಾಕಿದ್ದು.

"ಠೀಕ್ ಆಹೆ, ಸೂನಬಾಯಿ," ಅಂದ್ರು ಹರಿಶ್ಚಂದ್ರರಾವ್. ಸೊಸಿ ಅನ್ನೋದನ್ನೂ ಚಾಷ್ಟಿ ಮಾಡಿಧಂಗ ಅಂದ್ರು. "ಜಾಗಾ ತೋರಸು. ಸೊಸೈಟಿ ಒಂದು ತಗ್ಗು ಅಗಸ್ತದ, ಒಂದೇ. ಮೊದಲ ಮಳಿ ನೀರು ಆ ತಗ್ಗು ಕುಡೀತು, ಸೈ. ಕುಡೀಲಿಲ್ಲ, ಮರದಿನ ಬೋರಿನ ಮಶೀನು ಬರ್ತದ. ಮತ್ತ ನೀ ಯಾವ ಮೀಟಿಂಗಿನಾಗೂ ನೀರಿನ ಸುದ್ದಿ ತಗೀಬಾರದು."

ನಾ ಹೂಂ ಅನ್ನೋದ್ರಾಗ ಮಾವನವರು ಎದ್ದು ನಿಂತು, ಟೊಪಗಿ ಸರಿ ಮಾಡ್ಕೊಂಡು, "ನಮ್ಮ ಶೀತಲ್ ಹೇಳಿದ ತಗ್ಗು ಕುಡೀಲಿಲ್ಲಂದ್ರ ನಾ ಸೆಕ್ರೆಟರಿಕಿ ಬಿಡ್ತೀನಿ!" ಅಂದುಬಿಟ್ರು.

ಹಿಂದಿನ ಸಾಲಿನಾಗಿಂದ ನಮ್ಮತ್ತಿ "ಅಯ್ಯ ಶಿವನ!" ಅಂದಿದ್ದು ಎಲ್ಲಾರಿಗೂ ಕೇಳ್ತು. ಪೈಪು ಕೈ ಬಿಟ್ಟು ಹೋಗೋ ಮಾತಲ್ಲೇನ್ರಿ ಅದು?

ಇಷ್ಟು ಧೈರ್ಯಾ ನನಗ ಎಲ್ಲಿಂದ ಬಂತು ಅಂತೀರಿ? ಅವಧೂತ ಸರ್ ಕಡಿಂದ. ನಾ ಅವರ ಫ್ಯಾನ್ ಇದ್ದೀನ್ರಿ, ಅಗದೀ ಕಟ್ಟಾ. ನನ್ನ ವಾರಿಗಿ ಹುಡುಗ್ಯಾರು ಕ್ರಿಕೆಟಿನವರ ಫೋಟೋ ಇಟಗೋತಾರ, ನನ್ನ ಕಪಾಟಿನಾಗ ಸರ್ ಕೈಲೆ ತಗದ ಭೂಮಿ ಹೊಟ್ಟಿ ಚಿತ್ರ ಅದ. ಮ್ಯಾಲ ಮಣ್ಣು, ಅದರ ಕೆಳಗ ಪುಡಿಪುಡಿ ಮುರುಮು, ಅದರ ಕೆಳಗ ಸೀಳಿದ ಕಲ್ಲು, ಎಲ್ಲಾಕ್ಕೂ ಕೆಳಗ ಗಟ್ಟಿ ಬಂಡಿ. ಸರ್ ಕಾಲೇಜಿನಾಗ ಕಲ್ಲುಮಣ್ಣಿನ ಶಾಸ್ತ್ರ ಕಲಸ್ತಿದ್ರು. ಈಗ ಆಯಿತವಾರಕ್ಕೊಮ್ಮೆ ಜೇಜುರಿ ಆ ಕಡೆ ಒಣಾ ಊರುಗಳಿಗೆ ಹೋಗಿ ಎಲ್ಲಿ ನೀರು ಇಂಗಿಸಬೇಕು ಅಂತ ಜಾಗಾ ಆರಿಸಿ ಕೊಡ್ತಾರ. ನಮ್ಮ ಮಹಿಳಾ ಮಂಡಳ ಟ್ರಿಪ್ ಜೇಜುರಿಗೆ ಹೋದಾಗ ಎಲ್ಲಾರೂ ಖಂಡೋಬಾನ ಗುಡ್ಡಾ ಹತ್ತಿದ್ರು. ನಾ ಕೆಳಗ ಹಳ್ಳದಾಗ ಸರ್ ಹಿಂದ ಹಿಂದ ತಿರಗಿದೆ. ಮನಿಗೆ ಬಂದಾಗ ನಮ್ಮತ್ತಿ ನೋಡಿದ್ರು, "ಜೇಜುರಿಗೆ ಹೋದವರು ಮೈತುಂಬ ಅರಿಷಿಣದ ಭಂಡಾರ ಹಚಗೊಂಡು ಬರ್ತಾರ, ನೀ ಧೂಳಾ ಹಚಗೊಂಡು ಬಂದಿಯಲ್ಲ ತಂಗಿ!"

ನನ್ನ ಗಂಡ ಚನ್ನವೀರ, ಇವರಿಗೆ ಸರ್ ಹೆಸರು ತಗದ್ರ ಹೊಟ್ಟ್ಯಾಗ ಉರಿ. "ಅವರು ಕಲ್ಲಿನ ಸುದ್ದಿ ಹೇಳಿದ್ರ ಬಾಯಿ ತಗದು ಕೇಳ್ತಿ. ನಾ ಆಡಿಟಿನ ಸುದ್ದಿ ಹೇಳಿದ್ರ ಆಕಳಿಸ್ತಿ."

"ಎರಡಕ್ಕೂ ಬಾಯಿ ತಗದೇ ತಗೀತೀನಲ್ರಿ!"

"ಅವರಿಗೆ ವಯಸ್ಸೆಷ್ಟು?"

"ಅರವತ್ತು ದಾಟ್ಯಾವ್ರಿ."

"ದಾಟಿ ಎಷ್ಟಾತು?" (ಆಡಿಟಿನವರ ಬುದ್ಧಿ ನೋಡ್ರಿ!)

ಇರ್ಲಿ. ಜಾಗಾ ಹುಡಕೂದು ಸುಮ್ನ ಕೋಲು ಹಿಡಕೊಂಡು ತಿರಗೂದಲ್ರಿ. ಸರ್ ಹೇಳೋ ಪದ್ಧತಿ ಹಿಂಗದ: ಆರಪಾರ ಕಾಣೋ ಹಾಳಿ ತಗೋಬೇಕು. ಒಂದು ಹಾಳಿ ಮ್ಯಾಲ ಇಳಕಲು ಎತ್ತ ಅದ ಅದನ್ನ ಬರೀಬೇಕು. ಇನ್ನೊಂದರ ಮ್ಯಾಲ ಮಣ್ಣು ಎಂಥಾದ್ದು. ಮತ್ತೊಂದರ ಮ್ಯಾಲ ಕಲ್ಲಿನ ಸೀಳು, ಮಗದೊಂದರ ಮ್ಯಾಲ ಮಳಿ ನೀರು ಹರದು ಬರೋ ದಾರಿ. ಛಲೋ ಜಾಗಾಕ್ಕ ಜಾಸ್ತಿ ಮಾರ್ಕು, ಖೊಟ್ಟಿ ಜಾಗಾಕ್ಕ ಕಡಿಮಿ. ಆಮ್ಯಾಲ ಎಲ್ಲಾ ಹಾಳಿ ಒಂದರ ಮ್ಯಾಲ ಒಂದಿಟ್ಟು ಬೆಳಕಿಗೆ ಹಿಡದು ನೋಡಿದ್ರ, ಯಾವ ಜಾಗಾ ಎಲ್ಲಾದ್ರಾಗೂ ಪಾಸ್ ಆಗ್ಯದ ಅದು ತಾನೇ ಎದ್ದು ಕಾಣಸ್ತದ. ವರಾ ಹುಡಕಿಧಂಗೇ ರೀ, ಬರೇ ಮಾರಿ ನೋಡಿದ್ರ ನಡಿಯೂದುಲ್ಲ.

ಆರಪಾರ ಹಾಳಿ ಎಲ್ಲಿಂದ ತರೋದು? ಅಡಗಿ ಮನ್ಯಾಗ ಇದ್ವು! ಹೋಳಿಗಿ ತಟ್ಟೋ ಪ್ಲಾಸ್ಟಿಕ್ ಹಾಳಿ, ನಮ್ಮತ್ತಿ ಎಣ್ಣಿ ಒರಸಿ, ಮಡಿಚಿ, ಫಳಿ ಮ್ಯಾಲ ಜೋಪಾನ ಮಾಡಿದ್ದವು. ನಾ ನೆಲದ ಮ್ಯಾಲ ಹರವಿಕೊಂಡು ಸೊಸೈಟಿ ನಕಾಶಿ ತಗೀಲಿಕ್ಕತ್ತಿದ್ದೆ, ನಮ್ಮತ್ತಿ ಬಂದ್ರು.

"ಏನ ಇದು?"

"ಇಳಕಲು ನೋಡ್ಲಿಕ್ಕತ್ತೀನ್ರಿ ಅತ್ತಿ."

"ನನ್ನ ಹೋಳಿಗಿ ಹಾಳಿ ಮ್ಯಾಲ?"

"ಇದು ಮಣ್ಣಿನ ಹಾಳಿ, ಇದು ಕಲ್ಲಿನ ಹಾಳಿ..."

"ಹಬ್ಬಕ್ಕ ಮಣ್ಣಿನ ಹೋಳಿಗಿ ತಟ್ಟಲೇನು? ಕಲ್ಲು ಕಟದು ಹೂರಣಾ ರುಬ್ಬಲೇನು?"

ಅವರು ಏನಂದ್ರೂ ನಾ ಬಿಡಲಿಲ್ರಿ. ಛಲಾ ಹಿಡದಿದ್ದೆ. ಸುಡೋ ಬಿಸಲಾಗ ಕಂಪೌಂಡ್ ತುಂಬ ತಿರಗಿದೆ. ಗೋಲಿಗುಂಡು ಉಳ್ಳಿಸಿ ಇಳಕಲು ನೋಡಿದೆ. ಗುದ್ದಲೀಲೆ ಕೆತ್ತಿ ಮಣ್ಣು ಮುಟ್ಟಿ ನೋಡಿದೆ, ಮೂಸಿ ನೋಡಿದೆ. (ರುಚಿ ನೋಡಿದಳು ಅಂತ ಇವರು ಮಂದಿ ಮುಂದ ಹೇಳ್ತಾರ. ಸುಳ್ಳ್ರಿ ಅದು. ಒಮ್ಮೆ ಅಷ್ಟ.) ಕಡೀಕ ಎಲ್ಲಾ ಹಾಳಿ ಕೂಡಿಸಿ ಕಿಡಕಿಗೆ ಹಿಡದು ನೋಡಿದ್ರ, ಎರಡು ಜಾಗಾ ಎದ್ದು ಕಂಡವು. ಒಂದು, ಹಿಂದ ನಮ್ಮ ಅಡಗಿಮನಿ ಕಿಡಕಿ ಕೆಳಗ. ಟೆರೇಸಿನ ಪೈಪೆಲ್ಲಾ ಅಲ್ಲೇ ಇಳೀತಾವ, ಜಾಗಾನೂ ತಗ್ಗು. ಇನ್ನೊಂದು, ಮುಂದ ಗೇಟಿನ ಬಾಜೂಕ ಬೇವಿನ ಗಿಡದ ಹತ್ರ. ಅಲ್ಲಿ ಮುರುಮು ಮ್ಯಾಲೇ ಕಾಣಸ್ತದ. ಎರಡಕ್ಕೂ ಮಾರ್ಕು ಅಗದೀ ಸರೀಸಮ!

ಸರ್‌ಗೆ ಫೋನ್ ಹಚ್ಚಿದೆ. ಅವರು ನಕ್ಕು, "ಹಾಳಿ ಜಗಳಾ ಬಗಿಹರಸೂದುಲ್ಲ. ಭೂಮೀನೇ ಕೇಳು. ಎರಡೂ ಕಡೆ ಸಣ್ಣ ತಗ್ಗು ತಗಿ. ಸಂಜೀಕ ತುಂಬ ನೀರು ಹಾಕು, ಕಡ್ಡಿ ನಿಲ್ಲಿಸಿ ಗುರ್ತು ಮಾಡು. ಮುಂಜಾನೆದ್ದು ನೋಡು. ಯಾವುದು ಜಾಸ್ತಿ ಕುಡದದ, ಅದು. ಒಂದು ದಿನಾ ನಂಬಬ್ಯಾಡ, ಮತ್ತ ಮತ್ತ ಮಾಡು" ಅಂದ್ರು.

ಖರೇ ನನ್ನ ಮನಸ್ಸು ಮುಂದಿನ ತಗ್ಗಿನ ಕಡೇನೇ ಇತ್ರಿ. ಊಟಕ್ಕ ಕುಂತಾಗ ಹೇಳಿಯೂ ಬಿಟ್ಟಿದ್ದೆ, "ದೇವರ ದಯಾ, ಮುಂದಿನ ತಗ್ಗು ಗೆಲ್ಲಬೇಕ್ರಿ" ಅಂತ. ಇವರು ರೊಟ್ಟಿ ಮುರೀತಿದ್ದವರು ತಲಿ ಎತ್ತಿ ನನ್ನ ನೋಡಿದ್ರು.

ಇನ್ನ ನೀರು. ಕುಡಿಯೂ ನೀರಿಗೆ ತ್ರಾಸ ಇದ್ದಾಗ ತಗ್ಗಿಗೆ ನೀರು ಯಾರು ಕೊಡ್ತಾರ? ನನ್ನ ಪಾಲಿನ ಬಾದ್ಲಿ ನಾ ಕೊಟ್ಟೆ. ತಲಿ ಎರಕೊಳ್ಳೂದು ಬಿಟ್ಟೆ. ಕೂದಲಾ ಕೈಗೆ ಹಗ್ಗ ಹತ್ತಿಧಂಗ ಹತ್ತತಿತ್ತು, ಆದ್ರೂ ಛಲಾ ಬಿಡಲಿಲ್ಲ. ಸಂಜೀಕ ಎರಡೂ ತಗ್ಗು ಕಂಠಮಟಾ ತುಂಬಿಸಿ, ಕಡ್ಡಿ ನಿಲ್ಲಿಸಿ, ಕೈ ಮುಗದು ಬಂದು ಮಲಗಿದೆ.

ಮುಂಜಾನೆ ಎದ್ದು (ಎದ್ದು ಅಂದ್ರ, ಎಲ್ಲಾರೂ ಎದ್ದ ಮ್ಯಾಲ ಎದ್ದು, ಹೊಸಾ ಸೊಸಿ ಅಂತ ಆ ಸವಲತ್ತು ಇನ್ನೂ ಇತ್ತು) ಹೋಗಿ ನೋಡಿದ್ರ, ಹಿಂದಿನ ತಗ್ಗು ಖಾಲಿ! ತಳಾ ಕಾಣಸ್ತಿತ್ತು! ಮುಂದಿನ ತಗ್ಗು? ಕಡ್ಡಿ ಗುರ್ತಿನಿಂದ ಒಂದು ಬಟ್ಟೂ ಇಳದಿಲ್ಲ. ತುಂಬಿದ ಬಸುರಿಗತೆ ಕುಂತಿತ್ತು.

ನಂಬಲಿಲ್ರಿ ನಾ. ಮತ್ತ ತುಂಬಿಸಿದೆ. ಮರದಿನ ನೋಡಿದ್ರ ಹಂಗ. ಮತ್ತೊಮ್ಮೆ, ಮತ್ತ ಹಂಗ. ಹಿಂದಿನದು ಸಮುದ್ರ ಕುಡದ ಋಷಿ ಇದ್ದಂಗ ಕುಡೀಲಿಕ್ಕತ್ತಿತ್ತು, ಮುಂದಿನದು ಸಂಕಷ್ಟಿ ಉಪಾಸ ಹಿಡದಿತ್ತು. ಆ ದಿನಗಳಾಗ ಇನ್ನೂ ಏನೇನೋ ವಿಚಿತ್ರ ಆಗ್ಲಿಕ್ಕತ್ತಿದ್ವು. ನಮ್ಮತ್ತಿ ಕರಿಬೇವಿನ ಗಿಡಾ ಬ್ಯಾಸಗ್ಯಾಗ ಚಿಗತಿತ್ತು. ಆಫೀಸಿಗೆ ಹೊಂಟ ನನ್ನ ಗಂಡನ ಮೈಯಿಂದ ಪೌಡರಿನ ವಾಸನಿ ಮೂರು ಮನಿ ಆಚೆ ಬಡೀತಿತ್ತು. ಆದ್ರ ವಿಜ್ಞಾನದ ಮುಂದ ಇವೆಲ್ಲಾ ಯಾರಿಗೆ ಬೇಕ್ರಿ?

ತೀರ್ಪು ಕೊಟ್ಟೆ. ಹಿಂದಿನ ಜಾಗಾ!

ಕೂಲಿಯವರು ಬಂದ್ರು, ದೊಡ್ಡ ತಗ್ಗು ಅಗದ್ರು. ಆಳಕ್ಕ ಹೋದಂಗ ಕರೀ ಎರಿಮಣ್ಣು ಬರ್ಲಿಕ್ಕತ್ತು, ಬೆಣ್ಣಿಗತೆ ಮೆತ್ತಗ, ಅಂಟಂಟು. ನಾ ಒಂದು ಹೆಂಟಿ ಎತಗೊಂಡು ಹಿಚಕಿ ನೋಡಿದೆ. ಯಾಕಂದ್ರ ಎರಿಮಣ್ಣು ನೀರು ತಗೊಂಡ್ರ ಉಬ್ಬಿ ಬಾಯಿ ಮುಚಗೋತದ ಅಂತ ಸರ್ ಹೇಳಿದ್ದು ನೆನಪಿತ್ತು. ಆದ್ರ ಕಣ್ಣಾರೆ ನೋಡೀನಲ್ಲ, ಕುಡೀತದ! ದಪ್ಪ ಕಲ್ಲು, ಸಣ್ಣ ಕಲ್ಲು, ಉಸುಕು ಸಾಲಾಗಿ ತುಂಬಿಸಿದ್ವಿ. ಪೈಪೆಲ್ಲಾ ಅದರೊಳಗ ಬಿಟ್ವಿ. ನಮ್ಮತ್ತಿ ಕುಂಕುಮಾ ಏರಿಸಿ ಕಾಯಿ ಒಡದ್ರು. ಮಾವನವರು ಟೊಪಗಿ ಓರೆ ಮಾಡ್ಕೊಂಡು ಮಂದಿಗೆ ಭೂಗರ್ಭ ತಿಳಿಸಿ ಹೇಳ್ಲಿಕ್ಕತ್ತಿದ್ರು.

ಮಳಿ ಬಂತು. ಮೃಗದ ಮಳಿ, ಅಗದೀ ಜೋರ. ಸೊಸೈಟಿಗೆ ಸೊಸೈಟೀನೇ ಛತ್ರಿ ಹಿಡಕೊಂಡು ಹಿತ್ತಲಾಗ ನಿಂತಿತ್ತು. ಟೆರೇಸಿನ ನೀರು ಧಬಧಬಾ ಅಂತ ತಗ್ಗಿನಾಗ ಬೀಳ್ಲಿಕ್ಕತ್ತು.

"ನೋಡ್ರಿ, ಈಗ ಕುಡೀತದ," ಅಂದೆ ನಾ.

ತಗ್ಗು ತುಂಬಿತು.

"ಈಗ ಕುಡೀತದ ನೋಡ್ರಿ."

ತುಂಬಿ ದಂಡಿಗೆ ಬಂತು.

"ಸ್ವಲ್ಪ ತಡೀರಿ, ಗುಟುಕು ದೊಡ್ಡದಾತು..."

ದಂಡಿ ದಾಟಿ ನೀರು ನೆಟ್ಟಗ ನಮ್ಮ ಅಡಗಿಮನಿ ಬಾಗಲದಾಗ ಹೊಕ್ಕಿತು. ಜೋಳದ ಹಿಟ್ಟಿನ ಡಬ್ಬಿ ತೇಲಿ ಬಂದು ದೇವರ ಕ್ವಾಣ್ಯಾಗ ನಿಂತಿತು. ಹರಿಶ್ಚಂದ್ರರಾವ್ ಛತ್ರಿ ಮಡಚಿ ಮಾವನವರ ಕಡೆ ನೋಡಿ, ಒಂದೇ ಮಾತು, "ಉದ್ಯಾ ಮೀಟಿಂಗ್." ನಾಳೆ ಮೀಟಿಂಗ್!

ನೀರು ತೋಡಿ ಚೆಲ್ಲಿ ಚೆಲ್ಲಿ ಸುಸ್ತಾಗಿ ಕಟ್ಟಿ ಮ್ಯಾಲ ಕುಂತೆ. ಅಳು ಬರ್ಲಿಕ್ಕತ್ತಿತ್ತು. "ಹೆಂಗ್ರಿ ಇದು? ದಿನಾ ಕುಡೀತಿತ್ತಲ್ರಿ! ಮುಂಜಾನೆ ನೋಡಿದ್ರ ತಳಾ ಕಾಣಸ್ತಿತ್ತು!"

ನಮ್ಮತ್ತಿ ತೊಯ್ದ ಹಿಟ್ಟು ಹರವಲಿಕ್ಕೆ ಧೋತರಾ ಹುಡಕ್ತಿದ್ರು. ತಿರಗಿ ಸಹಜ ಅಂದ್ರು, "ಆ ನೀರೇನು? ಅದನ್ನ ನಾ ತೋಡಕೋತಿದ್ದೆ."

"ಏನ್ರಿ?"

"ಮುಂಜಾನೆ ಎದ್ದು ಕಿಡಕಿ ತಗದ್ರ ಕಣ್ಣೆದುರಿಗೆ ತಗ್ಗಿನಾಗ ನೀರು ನಿಂತಿರತಿತ್ತು. ಇಂಥಾ ಬ್ಯಾಸಗ್ಯಾಗ! ಬಿಡಲಿಕ್ಕೆ ಕೈ ಬರ್ತದೇನ ತಂಗಿ? ತಂಬಿಗಿಲೆ ತೋಡಿ ಭಾಂಡಿ ತಿಕ್ಕಿದೆ, ಕರಿಬೇವಿಗೆ ಹಾಕಿದೆ. ನೀ ಮರತು ಬಿಟ್ಟೀ ಅನಕೊಂಡೆ."

ನಾ ಕಣ್ಣಾಗಿನ ನೀರು ಒರಸಕೊಂಡು, "ಆದ್ರ ಮುಂದಿನ ತಗ್ಗು ಯಾಕ ಇಳೀಲಿಲ್ಲ? ಅದನ್ನ ಯಾರೂ ಮುಟ್ಟಿಲ್ಲಲ್ಲ!" ಅಂದೆ.

ಯಾರೋ ಕೆಮ್ಮಿದ್ರು. ನೋಡಿದ್ರ ನನ್ನ ಗಂಡ. ಕಿವಿ ಕೆಂಪು.

"ನೀ ಮುಂದಿನ ತಗ್ಗು ಗೆಲ್ಲಬೇಕು ಅಂದಿದ್ದಿ," ಅಂದ್ರು. "ಮುಂಜಾನೆ ನೋಡಿದ್ರ ಪೂರಾ ಖಾಲಿ ಆಗಿರತಿತ್ತು. ಅಯ್ಯೋ, ಇಕಿ ಸೋತ್ಲು ಅಂತ ಕೆಟ್ಟ ಅನಿಸಿ, ನನ್ನ ಸ್ನಾನದ ನೀರು ತಂದು ಗುರ್ತಿನ ತನಕಾ ತುಂಬಸ್ತಿದ್ದೆ."

"ಅಂದ್ರ ನೀವು ಸ್ನಾನಾ?"

"ಪೌಡರ್ ಹಚಗೊಂಡು ಹೋದೆ."

ಈಗ ನೀವೇ ಹೇಳ್ರಿ, ಇಂಥಾ ಗಂಡನ್ನ ಬೈಬೇಕೋ, ಬೈದ ಮ್ಯಾಲ ನಗಬೇಕೋ? ತುಂಬಿದ ತಗ್ಗು ಗೆದ್ದಂಗ ಅಂತ ತಿಳಕೊಂಡಿದ್ರು! ಮದಿವಿ ಆದಾಗಿಂದ ಇವರು ನನ್ನ ಸಲುವಾಗಿ ಮಾಡಿದ ಅತ್ಯಂತ ದೊಡ್ಡ ತ್ಯಾಗ ಅದು. ಅದರಿಂದನ ನಾ ಮುಳುಗಿದೆ.

ಮರದಿನ ಮೀಟಿಂಗಿನಾಗ ಹರಿಶ್ಚಂದ್ರರಾವ್ ಬೋರಿನ ಮಶೀನಿನವನ ಜೋಡೀನೇ ಬಂದು ಕುಂತಿದ್ರು. ಮಾವನವರು ಸೆಕ್ರೆಟರಿ ಕುರ್ಚಿ ಬಿಟ್ಟು ಮುಂಚೇನೇ ಚಾಪಿ ಮ್ಯಾಲ ಕುಂತಿದ್ರು. ನಾ ಎದ್ದು ಎಲ್ಲಾ ಹೇಳಿದೆ, ಈ ಸಲ ಮರಾಠ್ಯಾಗನ. ಪರೀಕ್ಷಾ ಕೆಟ್ಟದ್ದು, ಪದ್ಧತಿ ಕೆಟ್ಟಿಲ್ಲ, ಖರೇ ಕುಡಿಯೋದು ಮುಂದಿನ ತಗ್ಗು, ಇನ್ನೊಂದು ಸಲ ಅಗೀಲಿಕ್ಕೆ ಬಿಡ್ರಿ ಅಂತ. ಎಲ್ಲಾರೂ ನಕ್ಕರು. "ಮನಿಯವರ ತಪ್ಪು ಮನ್ಯಾಗ ಇಟಗೋರಿ," ಅಂದ್ರು ಹರಿಶ್ಚಂದ್ರರಾವ್.

ಆವಾಗ ಎದ್ರು ನೋಡ್ರಿ ನಮ್ಮತ್ತಿ. ಅರ್ಧಾ ಮರಾಠಿ, ಅರ್ಧಾ ವಿಜಾಪುರ. "ಏನ್ ತಪ್ಪು? ಬ್ಯಾಸಗ್ಯಾಗ ಬಾಗಲ ಮುಂದ ನೀರು ನಿಂತ್ರ ಯಾವ ಹೆಣಮಗಳು ಬಿಡ್ತಾಳ? ಎದಿ ಮುಟ್ಟಿ ಹೇಳ್ರಿ, ನೀವು ಯಾರೂ ಆ ತಗ್ಗಿನ ನೀರು ಮುಟ್ಟಿಲ್ಲ?"

ಎರಡನೇ ಮಜಲಿಯ ಇಂದೂತಾಯಿ ಮೆಲ್ಲಕ ಕೈ ಎತ್ತಿದ್ಲು. "ನಾ ಒಂದು ಬಾದ್ಲಿ ಒಯ್ದೀನಿ. ಫರಸಿ ಒರಸಲಿಕ್ಕೆ."

"ನಾ ಕುಂಡದಾಗಿನ ಗಿಡಕ್ಕ."

"ನಾ ಒಂದೇ ತಂಬಿಗಿ. ಎರಡು."

ನಮ್ಮತ್ತಿ ಒಬ್ಬೊಬ್ಬರ ಮಾರಿ ನೋಡ್ಕೋತ ಹೋಗಿ ಚೇರ್ಮನ್ನರ ಹತ್ರ ನಿಂತ್ರು. ಹರಿಶ್ಚಂದ್ರರಾವ್ ನೆಲಾ ನೋಡಿದ್ರು, ಫ್ಯಾನ್ ನೋಡಿದ್ರು, ಬೋರಿನವನ್ನ ನೋಡಿದ್ರು. ಹೆಸರಿಗೆ ತಕ್ಕಂಗ ಕಡೀಕ ಸತ್ಯಾ ನುಡದ್ರು. "ಸ್ಕೂಟರ್ ತೊಳದೆ."

ಮುಗೀತು. ಬೋರಿನ ಮಶೀನಿನವ ಚಹಾ ಕುಡದು ಹೋದ. ಮುಂದಿನ ತಗ್ಗು ಅಗಿಯೋದು ಅಂತ ಠರಾವು ಪಾಸಾತು, ಒಮ್ಮತದ್ಲೆ. ಈ ಸಲ ಕೂಲಿ ಕೊಡೂದುಲ್ಲ ಅಂದ್ರು. ನಾ, ಇವರು, ಮಾವನವರು ಗುದ್ದಲಿ ಹಿಡದ್ವಿ, ಆಮ್ಯಾಲ ಒಬ್ಬೊಬ್ಬರಾಗಿ ಎಲ್ಲಾರೂ ಬಂದ್ರು. ಅಗದಂಗ ಮುರುಮು, ಮುರುಮಿನ ಕೆಳಗ ಸೀಳಿದ ಕಲ್ಲು, ಸರ್ ಚಿತ್ರದಾಗ ಇದ್ದಂಗೇ! ಪೈಪು ಸುತ್ತು ಹಾಕಿ ಮುಂದ ತಂದ್ವಿ. ಮುಂದಿನ ಮಳ್ಯಾಗ ನೀರು ಬೀಳೂದು ಕಾಣಸ್ತಿತ್ತು, ನಿಲ್ಲೂದು ಕಾಣಸ್ತಿರಲಿಲ್ಲ. ಅಷ್ಟ್ ಕುಡೀತು! ಮಳಿಗಾಲ ಮುಗಿಯೋದ್ರಾಗ ಸತ್ತ ಬೋರು ಒಮ್ಮೆ ಕೆಮ್ಮಿ, ಒಮ್ಮೆ ಉಗುಳಿ, ನೀರು ಕೊಡ್ತು ನೋಡ್ರಿ. ಭಾಳೇನಿಲ್ಲ, ಸ್ವಲ್ಪ ಹೊತ್ತು. ಆದ್ರ ಟ್ಯಾಂಕರಿನವ ಮಾರಿ ಸಣ್ಣ ಮಾಡೋವಷ್ಟು.

ನಾ ಗೆದ್ದೆ ಅಂತ ತಿಳಕೊಂಡ್ರಿ ಹೌದಲ್ಲೊ? ನಾನೂ ಹಂಗೇ ತಿಳಕೊಂಡಿದ್ದೆ.

ಅವಧೂತ ಸರ್ ಖುದ್ದಾಗಿ ನೋಡಲಿಕ್ಕೆ ಬಂದ್ರು. ನಾ ಇದ್ದದ್ರಾಗ ಛಲೋ ಸೀರಿ ಉಟ್ಟು, ಹೇಳೋ ಮಾತೆಲ್ಲಾ ಬಾಯಿಪಾಠ ಮಾಡಿ ಗೇಟಿನ್ಯಾಗ ನಿಂತಿದ್ದೆ. ಸರ್ ಇಳದು, "ಈ ಕೆಲಸಾ ಮಾಡಿಸಿದವರು ಯಾರು?" ಅಂದ್ರು. ಇಡೀ ಸೊಸೈಟಿ ಒಂದೇ ಧ್ವನೀಲೆ, "ಪಾರವ್ವ ಮಾವಶಿ!" ಅಂತು.

ನಮ್ಮತ್ತಿ ಮುಂದ ಬಂದ್ರು, ಸೆರಗು ಹೊತಗೊಂಡು. "ನೋಡ್ರಿ ಸರ, ಜಾಗಾ ಸಿಗ್ತದ, ಅದೇನ್ ದೊಡ್ಡದಲ್ಲ. ಮಂದೀನ ಕಾಯೋದು ದೊಡ್ಡದು," ಅಂದ್ರು. ಸರ್ ನಿಂತಲ್ಲೇ ನಿಂತು ಕೇಳಿದ್ರು. ಬಾಯಿ ತಗದು! ಇಷ್ಟು ವರ್ಷ ಒಣಾ ಊರಾಗ ತಿರಗೀನಿ, ಇದನ್ನ ನನಗ ಯಾರೂ ಹೇಳಿರಲಿಲ್ಲ ಅಂದ್ರು. ಪೇಪರಿನವ ಫೋಟೋ ಹೊಡದ. ಫೋಟೋದಾಗ ಸರ್ ಇದ್ದಾರ, ನಮ್ಮತ್ತಿ ಇದ್ದಾರ, ಒಂದು ಕಡೆ ಒಂದು ಮೊಳಕೈ ಅದ. ಆ ಮೊಳಕೈ ನಂದು. ಸೆಕ್ರೆಟರಿಕಿ? ಅದನ್ನ ಮಾವನವರು ಮಾತು ಕೊಟ್ಟಂಗ ಬಿಟ್ರು, ಆದ್ರ ಮನ್ಯಾಗನ ಉಳೀತು. ನಮ್ಮತ್ತಿ ಈಗ ಸೆಕ್ರೆಟರಿ. ಮಾವನವರು ಸೆಕ್ರೆಟರಿಯ ಯಜಮಾನರು.

ಈಗ ಆಯಿತವಾರ ಬಂತು ಅಂದ್ರ ಸರ್ ಜೀಪು ನಮ್ಮ ಬಾಗಲಕ್ಕ ಬರ್ತದ, ಜೇಜುರಿ ಕಡೆ ಹೋಗ್ತದ. ನಮ್ಮತ್ತಿ ಮುಂದಿನ ಸೀಟು. ಹೋಳಿಗಿ ಹಾಳಿ ನಕಾಶಿ ಎಲ್ಲಾ ನಾ ಮಾಡಿದ್ದು, ಹಳ್ಳಿ ಮಂದಿ ಮುಂದ ಭಾಷಣಾ ಅವರದು. ಇವರೂ ಬರ್ತಾರ, ಸ್ನಾನಾ ಮಾಡಕೊಂಡು. ನಾನೇನು ಬಿಡಾಕಿ ಅಲ್ರಿ. ಈ ವರ್ಷ ಒಂದು ಗುಡ್ಡದ ಬುಡಕ್ಕ ಇನ್ನೊಂದು ಜಾಗಾ ನೋಡೀನಿ, ಕಲ್ಲು ಎಂಥಾ ಛಂದ ಸೀಳ್ಯದ ಅಂತೀರಿ!

ಸುಮ್ನ ಕೇಳಿ ಬಿಡಬ್ಯಾಡ್ರಿ, ನೀವೂ ಒಂದು ಆಯಿತವಾರ ಬರ್ರಿ. ಜೇಜುರಿ ಸ್ಟ್ಯಾಂಡಿನಾಗ ಇಳದು ಯಾರನ್ನ ಕೇಳಿದ್ರೂ ತೋರಸ್ತಾರ. ಗಿಡದ ನೆರಳಾಗ ಕುರ್ಚಿ ಹಾಕ್ಕೊಂಡು ಕೈ ಮಾಡಿ ಜಾಗಾ ತೋರಸ್ತಾ ಕುಂತವರು ನಮ್ಮತ್ತಿ. ಮೊದಲ ಅವರಿಗೆ ಭೆಟ್ಟಿ ಆಗ್ರಿ, ಇಲ್ಲಂದ್ರ ಸಿಟ್ಟಿಗೇಳ್ತಾರ. ಆಮ್ಯಾಲ ಸೀದಾ ಬಿಸಲಾಗ ಕೆಳಗ ನನ್ನ ಕಡೆ ಇಳದು ಬರ್ರಿ. ನಿಮ್ಮ ಸಲುವಾಗಿ ಒಂದು ಗುದ್ದಲಿ ತಗದಿಟ್ಟಿರತೀನಿ.